ಬಳ್ಳಿಗಾವಿಯ ಜನ ಎಲ್ಲಿ ವಾಸವಿದ್ದರು?

ಮಾನ್ಯ ಸಂಪಾದಕರೇ,

ತಜಿಕಿಸ್ತಾನದ ಪಂಜಿಕೆಂತ್ ಎಂಬ ಹಳೇ ಊರಿನ ಬಗ್ಗೆ ನಮ್ಮ ಶಿಕಾರಿಪುರ ತಾಲ್ಲೂಕಿನವರು ತಿಳಿಯಬೇಕು. ಸಮರ್‌ಕಂದ್‌ನ ಪೂರ್ವಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿ, ಜರಫ್ಶಾನ್ ನದಿಯ ಕಣಿವೆಯಲ್ಲಿ, ಐದನೇ ಶತಮಾನದಲ್ಲಿ ಸೊಗ್ದಿಯನ್ನರು ಎಂಬ ಮಧ್ಯ ಏಷ್ಯಾದ ವ್ಯಾಪಾರಿ ಜನ ಕಟ್ಟಿದ ಊರು ಅದು. 722ರ ಅರಬರ ದಾಳಿಯಲ್ಲಿ ಸುಟ್ಟಿತು. ಎಂಟನೇ ಶತಮಾನ ಮುಗಿಯುವ ಮೊದಲೇ ಜನ ಅದನ್ನು ಬಿಟ್ಟು ಹೋದರು.

ಅಲ್ಲಿ 1947ರಲ್ಲಿ ಶುರುವಾದ ಉತ್ಖನನ ದಶಕಗಟ್ಟಲೆ ನಡೆಯಿತು. ಅದರ ಮುಂದಾಳಾಗಿದ್ದ ಬೋರಿಸ್ ಮರ್ಶಾಕ್ 2006ರಲ್ಲಿ ಅಲ್ಲೇ ತೀರಿಕೊಂಡರು, ಅಲ್ಲೇ ಮಣ್ಣಾದರು. ಅಗೆದವರು ಅರಮನೆ, ಗುಡಿಗಳಿಗೇ ನಿಲ್ಲಲಿಲ್ಲ. ಬೀದಿ, ಅಂಗಡಿ, ಊರವರ ಮನೆ, ಎಲ್ಲವನ್ನೂ ಮಣ್ಣಿನಿಂದ ಬಿಡಿಸಿದರು. ಎಲ್ಲಾ ಮಣ್ಣಿನ ಗೋಡೆ, ಹಸಿ ಇಟ್ಟಿಗೆ. ಉಳ್ಳವರ ಮನೆಯಲ್ಲಿ ದೊಡ್ಡ ಪಡಸಾಲೆ, ಗೋಡೆಗುಂಟ ಜಗಲಿ. ಬಾಗಿಲಿನ ಎದುರಿನ ಗೋಡೆಯಲ್ಲಿ ದೇವರ ಚಿತ್ರ, ಸುತ್ತಲೂ ವೀರರ ಕಥೆ, ಅದರ ಕೆಳಗೆ ಸಣ್ಣ ಚೌಕಗಳಲ್ಲಿ ನೀತಿಕಥೆಗಳು. ಅವುಗಳಲ್ಲೊಂದು ಸಿಂಹವನ್ನು ಮೋಸದಿಂದ ನೀರಿಗೆ ಬೀಳಿಸಿದ ಮೊಲದ್ದು. ನಮ್ಮ ಪಂಚತಂತ್ರದ್ದೇ ಅಲ್ವಾ! ಶಾಲೆಯಲ್ಲಿ ಎಷ್ಟೋ ಮಕ್ಕಳಿಗೆ ಈ ಕಥೆ ಹೇಳಿದವಳು ನಾನು. ಅದು ಅಷ್ಟು ದೂರದ ಮನೆಯೊಂದರ ಗೋಡೆ ಮೇಲೆ, ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಇತ್ತು ಎಂದು ಓದಿದಾಗ ರೋಮಾಂಚನವಾಯಿತು.

ನಮ್ಮ ತಾಲ್ಲೂಕಿನ ಬಳ್ಳಿಗಾವಿಯ ತ್ರಿಪುರಾಂತಕ ದೇವಸ್ಥಾನದಲ್ಲೂ ಪಂಚತಂತ್ರದ ಕೆತ್ತನೆಗಳಿವೆ. ಚಾಳುಕ್ಯರ ಕಾಲದಲ್ಲಿ ಅದೂ ದೊಡ್ಡ ಪಟ್ಟಣ. ಮಠ, ಬೌದ್ಧ ವಿಹಾರ, ಬಸದಿ, ವ್ಯಾಪಾರಿ ಸಂಘ, ಎಲ್ಲದರ ಮಾತೂ ಶಾಸನಗಳಲ್ಲಿದೆ. ಅಷ್ಟು ಜನ ಇದ್ದ ಊರಿನಲ್ಲಿ ನಾವು ಇವತ್ತು ನೋಡುವುದು ಗುಡಿ ಮತ್ತು ಶಾಸನದ ಕಲ್ಲು ಮಾತ್ರ. ಎಣ್ಣೆ ತೆಗೆಯುವವನ, ಬಳೆ ಮಾರುವವಳ ಮನೆ ಹೇಗಿತ್ತು? ಅಡುಗೆ ಎಲ್ಲಿ ಮಾಡುತ್ತಿದ್ದರು?

ಹೋದ ಬೇಸಿಗೆಯಲ್ಲಿ ಈ ಕಡೆಯ ಒಂದು ಹೊಲದಲ್ಲಿ ಜೆಸಿಬಿ ಪಾಯ ತೋಡುವುದನ್ನು ನೋಡಿದೆ. ಮಡಕೆ ಚೂರು, ಹಳೇ ಇಟ್ಟಿಗೆ ರಾಶಿ ರಾಶಿ ಬಂದವು. ಯಾರೂ ಕೈಯಲ್ಲಿ ಎತ್ತಿ ನೋಡಲಿಲ್ಲ. ಟ್ರ್ಯಾಕ್ಟರ್‌ಗೆ ತುಂಬಿ ರಸ್ತೆ ಗುಂಡಿಗೆ ಸುರಿದರು. ಹೊಟ್ಟೆ ಉರಿಯಿತು. ಹೊಲದವರದು ತಪ್ಪಿಲ್ಲ, ಅವರಿಗೆ ಹೇಳಿದವರೇ ಇಲ್ಲ.

ನಮ್ಮ ಮಲೆನಾಡಿನ ಮಳೆಗೆ ಮಣ್ಣಿನ ಗೋಡೆ ಉಳಿಯುವುದು ಕಷ್ಟ, ಒಪ್ಪುತ್ತೇನೆ. ಆದರೆ ಪಾಯ, ಒಲೆ, ಬಾವಿ ಉಳಿದಿರಬಹುದು. ಬಳ್ಳಿಗಾವಿ, ತಾಳಗುಂದದ ಸುತ್ತ ಮನೆ ಕಟ್ಟಲು ಅನುಮತಿ ಕೊಡುವ ಮೊದಲು ತಿಳಿದವರೊಬ್ಬರು ಬಂದು ಜಾಗ ನೋಡಲಿ. ಪುರಾತತ್ವದವರು ಗುಡಿಯ ಬೇಲಿಯ ಆಚೆಗೂ ಅಗೆಯಲಿ, ಒಂದು ಬೇಸಿಗೆಗೆ ನಿಲ್ಲಿಸದಿರಲಿ.

– ನಿವೃತ್ತ ಶಿಕ್ಷಕಿ, ಶಿರಾಳಕೊಪ್ಪ