ಕಡಲಿಗೆ ಹೋಗಿ ಬಂದ ದಾವಣಗೆರೆಯ ತಮ್ಮನಿಗೆ

ತಮ್ಮಾ,

ಕಾಸರಕೋಡಿನ ದಂಡೆಯಲ್ಲಿ ನಡೆದಾಡಿದ್ದನ್ನು ಬರೆದು ಕಳಿಸಿದ್ದೀಯಲ್ಲ, ಓದಿದೆ. ನಿಜ ಹೇಳಲಾ? ಮೊದಲ ಎರಡು ಪುಟ ತೆಗೆದುಹಾಕು. ಬಂಗಾರದ ಸಂಜೆ, ಹಾಡುವ ಅಲೆ, ಹಗುರಾದ ಮನಸ್ಸು, ಇಷ್ಟಕ್ಕೆ ಹೊನ್ನಾವರದ ತನಕ ಬಸ್ ಚಾರ್ಜ್ ಯಾಕೆ ಕೊಡಬೇಕಿತ್ತು, ರೂಮಲ್ಲೇ ಕೂತು ಬರೆಯಬಹುದಿತ್ತು ಅಲ್ವಾ?

ಮೂರನೇ ಪುಟದಲ್ಲಿ ಒಂದು ಸಾಲಿದೆ. ಚಪ್ಪಲಿ ಕೈಯಲ್ಲಿ ಹಿಡಿದು ಹೋಗುವಾಗ ಹುಲ್ಲು ಚುಚ್ಚಿ ರಕ್ತ ಬಂತು ಅಂತ. ಅಲ್ಲಿಂದ ಶುರು ಮಾಡು. ಅದು ರಾವಣನ ಮೀಸೆ. ಅದರ ಮುಳ್ಳುಮುಳ್ಳಾದ ದುಂಡನೆಯ ತೆನೆ ಒಣಗಿದ ಮೇಲೆ ಕಳಚಿಕೊಂಡು, ಗಾಳಿ ಎತ್ತ ತಳ್ಳಿದರೆ ಅತ್ತ ಮರಳ ಮೇಲೆ ಉರುಳುತ್ತಾ ಬೀಜ ಚೆಲ್ಲುತ್ತಾ ಹೋಗುತ್ತದೆ. ಇದರ ಪಕ್ಕದಲ್ಲೇ ನೀನು 'ಯಾವುದೋ ನೇರಳೆ ಹೂ' ಅಂದು ದಾಟಿ ಹೋಗಿದ್ದೀಯ. ಅದು ಅಡುಂಬು ಬಳ್ಳಿ, ನಮ್ಮ ಗೆಣಸಿನ ಹತ್ತಿರದ ನೆಂಟ. ಬೆಳಗ್ಗೆ ಅರಳಿದ ಹೂ ಅವತ್ತೇ ಬಾಡುತ್ತದೆ. ಹಾಗಾಗಿ ನೀನು ಎಷ್ಟು ಹೊತ್ತಿಗೆ ನೋಡಿದೆ ಅನ್ನುವುದನ್ನು ಬರೆಯಲೇಬೇಕು. ಬಳ್ಳಿಯ ಗೆಣ್ಣುಗೆಣ್ಣಿಗೂ ಬೇರು ಇಳಿದಿರುತ್ತದೆ, ಹಾರುವ ಮರಳನ್ನು ಹಿಡಿದಿಡುವುದು ಅದೇ. ಎಲೆ ಮುಟ್ಟಿ ನೋಡಿದ್ಯಾ? ದಪ್ಪ.

ಯಾಕೆ ದಪ್ಪ ಅಂತ ಕರಾವಳಿಯವರಿಗಿಂತ ನಮಗೆ ಬೇಗ ಹೊಳೆಯಬೇಕು. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ನಮ್ಮ ದುರ್ಗದಲ್ಲಿ 600ರ ಆಸುಪಾಸು. ಆದರೂ ಮೇ ತಿಂಗಳ ಆ ದಂಡೆ ಒಣಭೂಮಿಯೇ. ಮರಳಲ್ಲಿ ಸಿಹಿನೀರು ನಿಲ್ಲುವುದಿಲ್ಲ, ಗಾಳಿ ಪೂರಾ ಉಪ್ಪು, ಅದಕ್ಕೇ ಎಲೆ ನೀರು ಕೂಡಿಟ್ಟುಕೊಳ್ಳುತ್ತದೆ. ದುರ್ಗದ ಜೋಗಿಮಟ್ಟಿ ಗುಡ್ಡದ ಕಳ್ಳಿ, ಕತ್ತಾಳೆ ನೋಡಿ ಬೆಳೆದ ಕಣ್ಣು ನಿನ್ನದು. ಆ ಕಣ್ಣಲ್ಲಿ ಕಡಲ ದಂಡೆ ನೋಡಿದವರು ಕಮ್ಮಿ. ನೀನು ನೋಡಿದರೆ ಸುಮ್ನೆ ಬೇರೆಯವರ ಕಡಲನ್ನು ಸಾಲ ತಂದು ಬರೆಯುವ ಕಷ್ಟ ತಪ್ಪುತ್ತದೆ.

ಆಮೇಲೆ ಏಡಿಗಳು. 'ರಂಗೋಲಿ ಬಿಡಿಸಿದ್ದವು' ಅಂತ ಬರೆದಿದ್ದೀಯ. ಪಾಪ, ಅವು ಊಟ ಮಾಡುತ್ತಿದ್ದವು! ನೀರು ಇಳಿದಾಗ ಈ ಪುಟ್ಟ ಏಡಿಗಳು ಬಿಲದಿಂದ ಬಂದು, ಮರಳನ್ನು ಬಾಯಿಗಿಟ್ಟು, ಅದಕ್ಕೆ ಅಂಟಿದ ತಿನ್ನುವ ಅಂಶವನ್ನಷ್ಟೇ ಹೀರಿ, ಉಳಿದ ಮರಳನ್ನು ಸಣ್ಣ ಉಂಡೆ ಮಾಡಿ ಪಕ್ಕಕ್ಕೆ ಇಡುತ್ತವೆ. ನೀರು ಏರಿದಾಗ ಎಲ್ಲ ಅಳಿಸಿಹೋಗುತ್ತದೆ. ಒಂದು ಬಿಲದ ಮುಂದೆ ಅಲ್ಲಾಡದೆ ಕೂತು ನೋಡಿದ್ದರೆ ನಿನಗೇ ಕಾಣುತ್ತಿತ್ತು. ರಂಗೋಲಿಗಿಂತ ಇದು ಜಾಸ್ತಿ ಚೆನ್ನಾಗಿದೆ, ನನ್ನ ಪ್ರಕಾರ.

ದೋಣಿಗಳನ್ನು ದಡಕ್ಕೆ ಎಳೆಯುತ್ತಿದ್ದರು ಅಂತಷ್ಟೇ ಹೇಳಿ ಬಿಟ್ಟಿದ್ದೀಯ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಎಳೆಯುತ್ತಿದ್ದವರ ಜೊತೆ ಮಾತಾಡಿದ್ದರೆ ಅದನ್ನೂ ಬರಿ. ಇಲ್ಲಾಂದ್ರೆ ಆ ಸಾಲು ಬೇಡ.

ಒಂದು ಅನುಮಾನ ಉಳಿದಿದೆ. ಮೇ ಕೊನೆಗೆ, ಕೃತ್ತಿಕಾ ಮಳೆ ಮುಗಿಯುವ ಹೊತ್ತಲ್ಲಿ 'ಸಾವಿರಾರು ಕಡಲಕ್ಕಿ' ಎಲ್ಲಿ ಸಿಕ್ಕವು? ಚಳಿಗಾಲಕ್ಕೆ ಬಂದವುಗಳಲ್ಲಿ ಬಹಳಷ್ಟು ಅಷ್ಟರಲ್ಲಿ ಉತ್ತರಕ್ಕೆ ವಾಪಸ್ ಹೋಗಿರುತ್ತವೆ. ನೀನು ಕಂಡದ್ದು ಗರುಡ ಇದ್ದರೂ ಇರಬಹುದು, ಬಿಳಿ ತಲೆ, ಕೆಂಗಂದು ರೆಕ್ಕೆ. ಫೋಟೋ ತೆಗೆದಿದ್ದರೆ ಕಳಿಸು, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಆ ಪ್ಯಾರಾ ಯಾರಿಗೂ ಕೊಡಬೇಡ.

ನಿನ್ನ ಅಣ್ಣ,
ಚಿತ್ರದುರ್ಗ