ಬೋನಸ್ ಕೂಡಿಸಿ ಮನೆ ತಪ್ಪಿಸಿದರು

ಮಾನ್ಯರೇ,

ನಗರದ ಕಡಿಮೆ ಆದಾಯದವರಿಗೆ ಮನೆ ಕಟ್ಟಿಕೊಳ್ಳಲು ನೆರವು ನೀಡುವ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಗೆ ಅರ್ಹರು ಮುಂದೆ ಬರುತ್ತಿಲ್ಲವೆಂದು ಅಧಿಕಾರಿಗಳು ಹೇಳಿದ್ದನ್ನು ಸೋಮವಾರದ ಸಂಚಿಕೆಯಲ್ಲಿ ಓದಿ, ಮರುದಿನವೇ ಕೆಲಸಕ್ಕೆ ರಜೆ ಹಾಕಿ ಹೋದವನು ನಾನು. ಬೋಂದೆಲ್‌ನಿಂದ ಬಸ್ಸು ಹಿಡಿದು ಹತ್ತು ಗಂಟೆಗೆ ಯೋಜನೆಯ ಅರ್ಜಿ ತೆಗೆದುಕೊಳ್ಳುವ ಕಚೇರಿ ತಲುಪಿದವನನ್ನು ಸರ್ವರ್ ಇಲ್ಲವೆಂದು ಮಧ್ಯಾಹ್ನ ಮೂರರವರೆಗೆ ಕಾಯಿಸಿ, ಕೊನೆಗೆ ‘ಆದಾಯ ಮಿತಿ ಮೀರಿದೆ’ ಎಂದು ಕಡತವನ್ನು ಕೈಗಿತ್ತರು.

ವರ್ಷಕ್ಕೆ 3 ಲಕ್ಷ ರೂಪಾಯಿಯ ಆ ಮಿತಿ ಎಷ್ಟು ಮೀರಿದೆ ಎಂಬುದು ಓದುಗರಿಗೂ ತಿಳಿಯಲಿ. ಅಂಗಡಿಯಲ್ಲಿ ಲೆಕ್ಕ ಬರೆಯುವ ನನಗೆ ತಿಂಗಳಿಗೆ 15,000 ರೂಪಾಯಿ, ಗೇರುಬೀಜ ಕಾರ್ಖಾನೆಗೆ ಹೋಗುವ ಪತ್ನಿಗೆ 9,800. ವರ್ಷಕ್ಕೆ 2,97,600 ರೂಪಾಯಿ. ದೀಪಾವಳಿಗೆ ಇಬ್ಬರಿಗೂ ಸೇರಿ ಬಂದ 14,400 ರೂಪಾಯಿ ಬೋನಸ್ಸನ್ನೂ ಕೂಡಿಸಿದ್ದರಿಂದ ಅದು 3,12,000 ಆಯಿತು. ಮಗಳ ಕಾಲೇಜು ಶುಲ್ಕಕ್ಕೆ ಅಂದೇ ಖರ್ಚಾಗಿ ಹೋದ ಆ ಹಣದಿಂದಾಗಿ, ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳುವವರಿಗೆ ಸಿಗುವ 2.5 ಲಕ್ಷ ರೂಪಾಯಿವರೆಗಿನ ನೆರವು ನಮಗಿಲ್ಲ.

ಈ 3 ಲಕ್ಷದ ಮಿತಿ ಇಂದಿನದಲ್ಲ. 2015ರ ಜೂನ್‌ನಲ್ಲಿ ಯೋಜನೆ ಆರಂಭವಾದಾಗ ಆರ್ಥಿಕವಾಗಿ ದುರ್ಬಲ ವರ್ಗಕ್ಕೆ ಇದ್ದುದೂ ಇಷ್ಟೇ. 2024ರ ಸೆಪ್ಟೆಂಬರ್‌ನಿಂದ ಎರಡನೇ ಹಂತ ಜಾರಿಯಾದಾಗಲೂ ಅದನ್ನು ಒಂದು ರೂಪಾಯಿ ಏರಿಸಲಿಲ್ಲ. 2015ರಲ್ಲಿ ನನ್ನ ಸಂಬಳ 8,500, ಮನೆ ಬಾಡಿಗೆ 3,000 ಇತ್ತು. ಆಗ ಅರ್ಹನಾಗಿದ್ದೆ, ಆದರೆ ಜಾಗವಿರಲಿಲ್ಲ. ಈಗ ಕುಂಜತ್ತಬೈಲ್‌ನಲ್ಲಿ ತಾಯಿಯ ಪಾಲಿನ ನಾಲ್ಕು ಸೆಂಟ್ಸ್ ಜಾಗ ಬಂದಿದೆ, ಬಾಡಿಗೆ 7,000ಕ್ಕೆ ಏರಿದೆ, ಮಳೆಗಾಲದಲ್ಲಿ ಹಂಚಿನ ಮಾಡು ಸೋರಿ ಹಾಸಿಗೆ ಒದ್ದೆಯಾಗುತ್ತದೆ, ಕೆಂಪು ಕಲ್ಲಿನ ಬೆಲೆ ಕೇಳುವಂತೆಯೇ ಇಲ್ಲ. ಏರದೆ ಉಳಿದದ್ದು ಆ ಮಿತಿ ಒಂದೇ. 2019ರಲ್ಲಿ ಮೀಸಲಾತಿಗಾಗಿ ಇದೇ ‘ಆರ್ಥಿಕವಾಗಿ ದುರ್ಬಲ’ ಎಂಬ ಪದಕ್ಕೆ 8 ಲಕ್ಷದ ಮಿತಿ ಇಟ್ಟ ಸರ್ಕಾರಕ್ಕೆ ಮನೆಯ ವಿಷಯದಲ್ಲಿ ಮಾತ್ರ 3 ಲಕ್ಷವೇ ಹೆಚ್ಚಾಗಿ ಕಂಡದ್ದು ಹೇಗೆ?

ನೀವು 6 ಲಕ್ಷದವರೆಗಿನ ವರ್ಗಕ್ಕೆ ಬರುತ್ತೀರಿ, ಬಡ್ಡಿ ಸಹಾಯಧನ ಪಡೆಯಿರಿ ಎಂದು ಕಚೇರಿಯಲ್ಲಿದ್ದವರು ಸಲಹೆ ಕೊಟ್ಟರು. ಗರಿಷ್ಠ 1.80 ಲಕ್ಷದ ಆ ಸಹಾಯಧನ ಬರುವುದು ಐದು ವಾರ್ಷಿಕ ಕಂತುಗಳಲ್ಲಿ, ಅದೂ ಗೃಹಸಾಲ ಮಂಜೂರಾದ ಮೇಲೆ. ನಮ್ಮಿಬ್ಬರ ಸಂಬಳ ಚೀಟಿ ನೋಡಿದ ಬ್ಯಾಂಕಿನವರು, ಬಾಡಿಗೆ ಕಳೆದು ಉಳಿಯುವುದರಲ್ಲಿ ಕಂತು ಕಟ್ಟಲಾರಿರಿ ಎಂದು ಮೊದಲೇ ಹೇಳಿಬಿಟ್ಟಿದ್ದಾರೆ.

ಇದು ಹೊಸ ಅನುಭವವೂ ಅಲ್ಲ. ಹಿಂದೆ ಆದಾಯ ಪ್ರಮಾಣಪತ್ರಕ್ಕೆಂದು ಹೋದಾಗ ಗ್ರಾಮ ಆಡಳಿತಾಧಿಕಾರಿ ಇಲ್ಲ, ಸಹಿ ಆಗಿಲ್ಲ ಎಂದು ಮೂರು ಸಲ ಅಲೆಸಿದ್ದರು. ಮೂರು ದಿನದ ಸಂಬಳ ಹೋಯಿತು. ಪಡಿತರ ಚೀಟಿಯ ಪರಿಷ್ಕರಣೆಯಲ್ಲೂ 1.2 ಲಕ್ಷದ ಮಿತಿ ತೋರಿಸಿ ನಮ್ಮ ಬಿಪಿಎಲ್ ಕಾರ್ಡನ್ನು ತೆಗೆದರು. ಸಂಬಳ ಚೀಟಿ ಇರುವವರ ಆದಾಯ ಪೈಸೆ ಪೈಸೆಗೂ ಲೆಕ್ಕಕ್ಕೆ ಸಿಗುತ್ತದೆ. ಆದರೆ ನಗದಿನಲ್ಲಿ ವ್ಯವಹಾರ ನಡೆಸಿ, ಎರಡು ಅಂತಸ್ತಿನ ಮನೆ ಕಟ್ಟಿ, ಅಲ್ಪ ಆದಾಯದ ಪ್ರಮಾಣಪತ್ರ ಪಡೆದವರನ್ನು ನಮ್ಮ ಬೀದಿಯಲ್ಲೇ ಕಾಣುತ್ತೇನೆ. ಅವರ ಮನೆ ಬಾಗಿಲಿಗೆ ಯಾವ ಅಧಿಕಾರಿ ಹೋಗಿ ವಿಚಾರಿಸಿದ್ದಾರೆ?

ಆದಾಯ ಮಿತಿಯನ್ನು ಕೂಡಲೇ ಏರಿಸಬೇಕು. ಅದು ದೆಹಲಿಯ ಕೆಲಸವೆನ್ನುವುದಾದರೆ ನಮ್ಮ ಸಂಸದರು ಅಲ್ಲಿ ಬಾಯಿ ಬಿಡಬೇಕು. ಕನಿಷ್ಠ ಬೋನಸ್ಸನ್ನಾದರೂ ಲೆಕ್ಕದಿಂದ ಬಿಡಬೇಕು, ಇಲ್ಲವೇ ಸರದಿಯಲ್ಲಿ ನಿಲ್ಲಿಸುವ ಮೊದಲೇ ಆಗುವುದಿಲ್ಲವೆಂದು ಹೇಳಿ ಕಳುಹಿಸಬೇಕು. ಐದು ಗಂಟೆ ಕಾಯಿಸಿ ಕಳುಹಿಸಿದವರು ಇನ್ನು ಮುಂದೆ ಅರ್ಹರೇ ಬರುತ್ತಿಲ್ಲ ಎಂದು ಪತ್ರಿಕೆಗಳಿಗೆ ಹೇಳಿಕೆ ಕೊಡಬಾರದು.

– ನೊಂದ ಅರ್ಜಿದಾರ, ಬೋಂದೆಲ್, ಮಂಗಳೂರು