ಮಿಡ್‌ಫೀಲ್ಡ್ ಆಡುವ ಸೋದರಳಿಯನಿಗೆ

ಚಿರಂಜೀವಿಗೆ ಆಶೀರ್ವಾದಗಳು.

ದೊಡ್ಡ ಫುಟ್‌ಬಾಲ್ ತಂಡದ ಬೆಂಚಿನಲ್ಲಿ ಕಾಯಲೋ, ಸಣ್ಣ ತಂಡಕ್ಕೆ ಹೋಗಿ ಪ್ರತಿ ವಾರ ಆಡಲೋ ಎಂದು ಕೇಳಿದ್ದೀಯ. ಹೋಗಿ ಆಡು. ನೀನು ಮೆಚ್ಚುವ ಜರ್ಮನಿಯ ಮಿಡ್‌ಫೀಲ್ಡರ್ ಟೋನಿ ಕ್ರೂಸ್ ಕೂಡ ಅದನ್ನೇ ಮಾಡಿದ್ದು. 2007ರ ಸೆಪ್ಟೆಂಬರಿನಲ್ಲಿ, 17ನೇ ವಯಸ್ಸಿನಲ್ಲಿ, ಬಯರ್ನ್ ಮ್ಯೂನಿಕ್ ಪರ ಮೊದಲ ಬುಂಡೆಸ್‌ಲೀಗಾ ಪಂದ್ಯದಲ್ಲಿ ಬದಲಿಯಾಗಿ ಬಂದು ಸಹ ಆಟಗಾರ ಕ್ಲೋಸೆಯ ಎರಡು ಗೋಲಿಗೆ ಪಾಸ್ ಕೊಟ್ಟ ಹುಡುಗ ಅವನು. ಆದರೂ ಮುಂದೆ ಅಲ್ಲಿ ನಿಯಮಿತವಾಗಿ ಜಾಗ ಸಿಗಲಿಲ್ಲ. 2009ರ ಜನವರಿಯಲ್ಲಿ ಸಾಲದ ಮೇಲೆ, ಅಂದರೆ ತಾತ್ಕಾಲಿಕವಾಗಿ, ಲೆವರ್‌ಕ್ಯೂಸನ್‌ಗೆ ಹೋದ. ಕೋಚ್ ಯುಪ್ ಹೈಂಕೆಸ್ ಕೈಕೆಳಗೆ 2009–10ರ ಲೀಗಿನಲ್ಲಿ 9 ಗೋಲು ಹೊಡೆದು, ಆಡುವ ಹನ್ನೊಂದರಲ್ಲಿ ಒಬ್ಬನಾಗಬಲ್ಲೆ ಎಂದು ತೋರಿಸಿಯೇ ಮರಳಿದ. ಆ ವಯಸ್ಸಿನಲ್ಲಿ ಪಂದ್ಯದ ನಿಮಿಷಗಳಿಗೆ ಬದಲಿಯಿಲ್ಲ. ಒತ್ತಡದಲ್ಲಿ ಚೆಂಡು ಪಡೆಯುವುದನ್ನು ತರಬೇತಿ ಅರ್ಧ ಮಾತ್ರ ಕಲಿಸುತ್ತದೆ.

ಈಗ ಅವನ ನಿಜವಾದ ವಿದ್ಯೆಗೆ ಬರೋಣ. ಅವನು ವೇಗದ ಓಟಗಾರನಲ್ಲ, ಡ್ರಿಬ್ಲಿಂಗ್‌ನಿಂದ ನಾಲ್ವರನ್ನು ದಾಟುವವನೂ ಅಲ್ಲ. ಎದುರಾಳಿ ತನ್ನ ಹತ್ತಿರ ಬರಲಾಗದ ಜಾಗವನ್ನು ಮೊದಲೇ ಹಿಡಿಯುತ್ತಿದ್ದ. ಮುಂದೆ ಸೇರಿದ ರಿಯಲ್ ಮ್ಯಾಡ್ರಿಡ್‌ನಲ್ಲಿ ಚೆಂಡು ತಮ್ಮವರ ಕಾಲಲ್ಲಿದ್ದಾಗ ಎಡ ಸೆಂಟರ್‌ಬ್ಯಾಕ್‌ಗೂ (ನಡುವಿನ ಡಿಫೆಂಡರ್) ಲೆಫ್ಟ್‌ಬ್ಯಾಕ್‌ಗೂ (ಎಡ ಅಂಚಿನ ಡಿಫೆಂಡರ್) ನಡುವೆ ಇಳಿಯುತ್ತಿದ್ದ. ಲೆಫ್ಟ್‌ಬ್ಯಾಕ್ ಮಾರ್ಸೆಲೊ ಅಷ್ಟೊತ್ತಿಗೆ ಮುಂದೆ ಹೋಗಿರುತ್ತಿದ್ದ. ಬಲಗಾಲಿನವನು ಅಲ್ಲಿ ನಿಂತರೆ ಇಡೀ ಮೈದಾನ ಅವನ ಬಲಗಾಲಿಗೆ ತೆರೆದುಕೊಳ್ಳುತ್ತದೆ. ಅವನನ್ನು ಒತ್ತಲು ಎದುರಾಳಿ ಮಿಡ್‌ಫೀಲ್ಡರ್ ಮುಂದೆ ಬಂದರೆ ಹಿಂದೆ ಜಾಗ ಬಿಡಬೇಕಾಗುತ್ತದೆ. ಬರದಿದ್ದರೆ ಕ್ರೂಸ್‌ಗೆ ತಲೆ ಎತ್ತಿ ನೋಡಲು ಸಮಯ ಸಿಗುತ್ತದೆ.

ಇದನ್ನು ನಕಲು ಮಾಡುವ ಹುಡುಗರು ಮೂರು ಕಡೆ ಎಡವುತ್ತಾರೆ. ಲೆಫ್ಟ್‌ಬ್ಯಾಕ್ ಮೇಲೇರುವ ಮುನ್ನವೇ ಇಳಿದರೆ ಇಬ್ಬರೂ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತೀರಿ. ನೀನು ಇಳಿದಾಗ ನಡುವಣ ಜಾಗ ಕಾಯಲು ಒಬ್ಬ ಇರಲೇಬೇಕು. ಮ್ಯಾಡ್ರಿಡ್‌ನಲ್ಲಿ ಆ ಕೆಲಸ ಕ್ಯಾಸೆಮಿರೊನದಾಗಿತ್ತು. ಅಂಥವನಿಲ್ಲದೆ ಚೆಂಡು ಕಳೆದುಕೊಂಡರೆ ನೇರ ದಾಳಿ ಬರುತ್ತದೆ. ಮೂರನೆಯದೇ ಹೆಚ್ಚು: ಸ್ವಂತ ಗೋಲಿಗೆ ಮುಖ ಮಾಡಿ ಚೆಂಡು ಪಡೆಯುವುದು. ಚೆಂಡು ಹೊರಟು ನಿನ್ನತ್ತ ಬರುತ್ತಿರುವಾಗಲೇ ಒಮ್ಮೆ ಭುಜದ ಮೇಲಿಂದ ಹಿಂದೆ ನೋಡು, ಮೈಯನ್ನು ಅರ್ಧ ತೆರೆದು ನಿಲ್ಲು, ದೂರದ ಕಾಲಿನಿಂದ ತಡೆ. ಮೊದಲ ಸ್ಪರ್ಶದಲ್ಲೇ ಚೆಂಡು ಮುಂದಿನ ಪಾಸಿನ ದಿಕ್ಕಿಗೆ ಸರಿದಿರಬೇಕು.

ಅಭ್ಯಾಸಕ್ಕೆ ಗೋಡೆಯಿಂದ ಎಂಟು ಮೀಟರ್ ದೂರ ನಿಂತು ಪ್ರತಿ ಕಾಲಿನಿಂದ 50 ಪಾಸ್, ಎರಡು ಸ್ಪರ್ಶದಲ್ಲಿ. ಆಮೇಲೆ ಒಂದೇ ಸ್ಪರ್ಶದಲ್ಲಿ 30. ಎಡಗಾಲಿನ ಎಣಿಕೆ ತಪ್ಪಿಸಬೇಡ. ಪಾಸ್ ಸ್ನೇಹಿತನಿಗೆ ತಲುಪಿದರೆ ಸಾಲದು, ಎದುರಾಳಿಯಿಂದ ದೂರವಿರುವ ಅವನ ಕಾಲಿಗೆ ಹೋಗಬೇಕು. 2024ರ ಯೂರೋ (ಯುರೋಪಿನ ದೇಶಗಳ ಕಪ್) ಮೊದಲ ಪಂದ್ಯದಲ್ಲಿ ಸ್ಕಾಟ್ಲೆಂಡ್ ವಿರುದ್ಧ ಕ್ರೂಸ್‌ನ 102 ಪಾಸ್‌ಗಳಲ್ಲಿ 101 ಗುರಿ ತಲುಪಿದವು. ಆ ಅಂಕಿಗೆ ಮರುಳಾಗಬೇಡ. ಹತ್ತು ಹೆಜ್ಜೆ ಆಚೆಗೆ ಚೆಂಡು ಉರುಳಿಸುತ್ತಿದ್ದರೆ ಯಾರ ಶೇಕಡಾವಾರೂ ಏರುತ್ತದೆ. ಅವನ ಪಾಸ್ ಪಡೆದವನು ತಿರುಗಿ ಆಡುವ ಸ್ಥಿತಿಯಲ್ಲಿರುತ್ತಿದ್ದ, ಅಲ್ಲಿದೆ ಬೆಲೆ.

ಅವನೂ ತಪ್ಪಿದ್ದುಂಟು. 2018ರ ವಿಶ್ವಕಪ್‌ನಲ್ಲಿ, ಸೋಚಿಯಲ್ಲಿ, ಅವನ ತಪ್ಪು ಪಾಸಿನಿಂದಲೇ ಸ್ವೀಡನ್ ಮೊದಲ ಗೋಲು ಹೊಡೆಯಿತು. ಆಮೇಲೂ ಅವನು ಚೆಂಡು ಕೇಳುತ್ತಲೇ ಇದ್ದ. ಬೋವಾಟೆಂಗ್ ಕೆಂಪು ಕಾರ್ಡ್ ಪಡೆದು ಜರ್ಮನಿ ಹತ್ತು ಜನಕ್ಕಿಳಿದಿತ್ತು. 95ನೇ ನಿಮಿಷದಲ್ಲಿ ಎಡಬದಿಯ ಇಕ್ಕಟ್ಟಾದ ಕೋನದಲ್ಲಿ ಫ್ರೀಕಿಕ್. ನೇರವಾಗಿ ಹೊಡೆಯದೆ ಸಹ ಆಟಗಾರ ರಾಯ್ಸ್‌ಗೆ ಮೆಲ್ಲಗೆ ಸರಿಸಿದ, ರಾಯ್ಸ್ ನಿಲ್ಲಿಸಿದ, ಕ್ರೂಸ್ ಬಲಗಾಲಿನಿಂದ ದೂರದ ಮೂಲೆಗೆ ಬಾಗಿಸಿದ. ಚೆಂಡು ಸ್ವಲ್ಪವೇ ಒಳಗೆ ಸರಿದರೂ ಕೋನ ತೆರೆಯುತ್ತದೆ, ಗೋಲ್‌ಕೀಪರನ ಲೆಕ್ಕ ತಪ್ಪುತ್ತದೆ. ಸಂಗಾತಿಯೊಬ್ಬನಿದ್ದರೆ ನೀನೂ ಇದನ್ನು ಅಭ್ಯಾಸ ಮಾಡಬಹುದು.

ಕಾರ್ನರ್ ಬಗ್ಗೆ ಒಂದೇ ಮಾತು. 2024ರ ಜೂನ್ 1ರಂದು ವೆಂಬ್ಲಿಯ ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್‌ಗಳ ಕಪ್) ಫೈನಲ್‌ನಲ್ಲಿ ಡಾರ್ಟ್‌ಮಂಡ್ ವಿರುದ್ಧ ಎಡದಿಂದ ಅವನು ಒಳಬಾಗಿಸಿದ ಚೆಂಡಿಗೆ ತಲೆ ಕೊಟ್ಟದ್ದು ಎತ್ತರದವನಲ್ಲ, ಮ್ಯಾಡ್ರಿಡ್‌ನ ಡಿಫೆಂಡರ್ ಕಾರ್ವಹಾಲ್. ಹತ್ತಿರದ ಕಂಬದ ಕಡೆ ಓಡಿ ಬರುವವನಿಗೆ ಚೆಂಡು ವೇಗವಾಗಿ, ಮೊದಲ ಡಿಫೆಂಡರ್‌ನನ್ನು ದಾಟುವಷ್ಟೇ ಎತ್ತರದಲ್ಲಿ ಬಂದರೆ ಗಿಡ್ಡನೂ ಗೆಲ್ಲುತ್ತಾನೆ. ತೇಲಿಸಿ ಬಿಟ್ಟರೆ ಗೋಲ್‌ಕೀಪರನ ಕೈಗೆ.

ಅದು ಅವನ ಆರನೇ ಚಾಂಪಿಯನ್ಸ್ ಲೀಗ್ ಗೆಲುವು, ಕ್ಲಬ್ ಪರ ಕೊನೆಯ ಪಂದ್ಯ. ಮರುತಿಂಗಳು ಯೂರೋದಲ್ಲಿ ಸ್ಪೇನ್ ವಿರುದ್ಧದ ಕ್ವಾರ್ಟರ್‌ಫೈನಲ್ ಸೋಲಿನೊಂದಿಗೆ, 34ನೇ ವಯಸ್ಸಿನಲ್ಲಿ, ಬೂಟು ಬಿಚ್ಚಿದ. ಇನ್ನೂ ಆಡಬಲ್ಲವನಾಗಿದ್ದಾಗಲೇ ಹೋದದ್ದು ನನಗೆ ಬಹಳ ಹಿಡಿಸಿತು.

ಈ ವಾರ 2024ರ ಏಪ್ರಿಲ್ 30ರ ಬಯರ್ನ್–ಮ್ಯಾಡ್ರಿಡ್ ಸೆಮಿಫೈನಲ್‌ನ ಮೊದಲರ್ಧ ನೋಡು. ಚೆಂಡನ್ನು ಬಿಟ್ಟು ಕ್ರೂಸ್‌ನನ್ನೇ ಹಿಂಬಾಲಿಸು. 24ನೇ ನಿಮಿಷದಲ್ಲಿ ತನ್ನ ತಂಡದ ದಾಳಿಗಾರ ವಿನೀಸಿಯಸ್‌ಗೆ ಎಲ್ಲಿಗೆ ಓಡಬೇಕೆಂದು ಕೈತೋರಿಸಿ, ಅವನನ್ನು ಹಿಂಬಾಲಿಸಿ ಮುಂದೆ ಬಂದ ಡಿಫೆಂಡರ್ ಬಿಟ್ಟ ಜಾಗಕ್ಕೇ ಪಾಸ್ ಹಾಕುತ್ತಾನೆ. ಅದಕ್ಕೂ ಮುನ್ನ ಅವನು ಎಲ್ಲಿ ನಿಂತಿದ್ದ, ಮೈ ಯಾವ ಕಡೆ ತಿರುಗಿತ್ತು, ಎಷ್ಟು ಬಾರಿ ತಲೆ ಎತ್ತಿ ನೋಡಿದ ಎಂದು ಕಾಗದದಲ್ಲಿ ಬರೆದು ನನಗೆ ಕಳಿಸು.

ನಿನ್ನ ಸೋದರಮಾವ